ಒಳಗಿನಿಂದ ಹಾಕಿದ ಚಿಲಕ

ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಟೀಚರ್, ಈ ಕೆಲಸ ಹೇಗೆ ಮಾಡ್ಬೇಕು ಅಂತ ಸ್ವಲ್ಪ ಹೇಳಿಕೊಡ್ತೀರಾ?" ಎಂದು ಕೇಳಿದಳು. ನಾನು ದೊಡ್ಡ ಜನದ ಹಾಗೆ "ಆಯ್ತಮ್ಮ, ಬರೆದೇ ಕಳಿಸ್ತೇನೆ" ಎಂದು ಹೇಳಿ ಫೋನ್ ಇಟ್ಟೆ. ಈಗ ದುಬೈಯ ಕರಾಮದ ಈ ಫ್ಲಾಟಿನಲ್ಲಿ ಕೂತಿದ್ದೇನೆ, ಚಹಾ ತಣಿಯುತ್ತಾ ಉಂಟು, ಎಂತ ಬರೆಯಬೇಕು ಅಂತಲೇ ತಿಳಿಯುತ್ತಿಲ್ಲ. ಇಷ್ಟು ವರ್ಷ ಮಾಡಿದ ಕೆಲಸ ನನಗೆ ಅರ್ಥವಾಗಿತ್ತಾ ಎಂಬುದೇ ಸಂಶಯ ಮಾರಾಯ್ರೆ. ಅರ್ಥ ಆದದ್ದನ್ನು ಬರೆಯಹೊರಟರೆ ಅರ್ಧ ಪುಟಕ್ಕೆ ಮುಗಿದೀತು. ಹಾಗಾಗಿ ಅರ್ಥ ಆಗದ್ದನ್ನೇ ಬರೆಯುತ್ತೇನೆ, ನೀವು ಚಿಕ್ಕವರು, ನಿಮಗಾದರೂ ಆಗುತ್ತದಾ ನೋಡಿ.

ನಾನು ವಸಂತಿ. ಮೊದಲು ಅಲ್ ಐನಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ನೆರೆಮನೆಯವರ ಜೊತೆ ಮಾತಾಡಿ ಮಾತಾಡಿ ಅರಬಿ ಬಾಯಿಗೆ ಬಂತು. ಅದೇ ಕಾರಣಕ್ಕೆ ಅಬುಧಾಬಿಯ ಒಂದು ನಿಧಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಟೀಚರ್ ಎಂಬ ಹೆಸರು ಮಾತ್ರ ಅಲ್ಲಿಗೂ ಬೆನ್ನು ಹತ್ತಿಕೊಂಡು ಬಂತು. ನಮ್ಮ ಊರಿನವರು ಕರೆದದ್ದು ಕೇಳಿ ಈಜಿಪ್ಟಿನವರೂ, ಇಲ್ಲಿಯ ಅರಬಿ ಹೆಂಗಸರೂ "ಯಾ ಟೀಚರ್" ಎನ್ನಲು ಶುರು ಮಾಡಿದರು. ಬಡ್ತಿ ಗಿಡ್ತಿ ವಿಷಯ ಬಿಡಿ, ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಕೆಲಸ ಎಂತದು ಎಂದರೆ ಹೀಗೆ. ಈ ದೇಶ ಒಂದೇ ಆದರೂ ಎಮಿರೇಟುಗಳು ಏಳು. ಹದಿನೆಂಟು ತುಂಬದ ಮಕ್ಕಳು ತಪ್ಪು ಮಾಡಿದರೆ, ಇಲ್ಲವೇ ಮನೆ ಬಿಟ್ಟು ಓಡಿದರೆ, ಅವರನ್ನು ಇಡುವ ಮಕ್ಕಳ ಮನೆಗಳು ಉಂಟು. ಆ ಮನೆಗಳನ್ನು ನಡೆಸುವುದು ಆಯಾ ಎಮಿರೇಟು. ಅದಕ್ಕೆ ಸ್ವಲ್ಪ ಸಹಾಯಧನ ಕೊಡುವುದು ಒಕ್ಕೂಟದ ನಮ್ಮ ಕಚೇರಿ. ಸುಮ್ಮನೆ ಕೊಡುವುದಿಲ್ಲ, ಷರತ್ತು ಉಂಟು. ಮಕ್ಕಳಿಗೆ ದೊಡ್ಡ ಪ್ರಾಯದ ಆರೋಪಿಗಳು ಕಣ್ಣಿಗೂ ಬೀಳಬಾರದು, ಕಿವಿಗೂ ಬೀಳಬಾರದು. ಅಪರಾಧ ಮಾಡದ ಮಗುವನ್ನು ಬೀಗ ಹಾಕಿ ಇಡಬಾರದು. ಮನೆಯವರು ಬಂದರೆ ತಡಮಾಡದೆ ಒಪ್ಪಿಸಬೇಕು. ಇದೆಲ್ಲ ಬರೆದು ಕೊನೆಗೆ ಒಂದು ಸಾಲು: "ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಜಾರಿಗೊಳಿಸತಕ್ಕದ್ದು." ಆ ಸಾಲೇ ಶನಿ ನೋಡಿ. ಷರತ್ತು ಅಬುಧಾಬಿಯದ್ದು, ಮಗು ದುಬೈಯಲ್ಲಿ, ತಲೆಬಿಸಿ ನನ್ನಲ್ಲಿ. ನಾನು ಮನೆ ಮನೆಗೆ ಹೋಗಿ ಷರತ್ತು ಪಾಲನೆಯಾಗಿದೆಯೋ ಇಲ್ಲವೋ ಎಂದು ಬರೆದು ತರಬೇಕು.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಮ್ಮಲ್ಲಿ ಹೇಳುವುದಿಲ್ಲವಾ? ಸೇರಿದ ಹೊಸತರಲ್ಲಿ ಒಂದು ಮಕ್ಕಳ ಮನೆಗೆ ಹೋದೆ, ಯಾವ ಊರಿನದ್ದು ಅಂತ ಹೇಳುವುದು ಬೇಡ. ಅಲ್ಲಿ ಮಕ್ಕಳ ಕೋಣೆಯ ಪಕ್ಕದ ಓಣಿಯಲ್ಲೇ ದೊಡ್ಡ ಆರೋಪಿಗಳನ್ನು ಕೋರ್ಟಿನ ಬಸ್ಸಿಗೆ ಕರೆದುಕೊಂಡು ಹೋಗುತ್ತಿದ್ದರು. ಷರತ್ತು ಬಂದ ಮೇಲೆ ನಡುವೆ ದಪ್ಪ ಪರದೆ ಹಾಕಿದ್ದರು. ಕಣ್ಣಿಗೆ ಬೀಳುವುದಿಲ್ಲ, ಸರಿ. ಕಿವಿಗೆ? ನಾನು ಈಚೆ ನಿಂತು, ಅಲ್ಲಿಯ ವಾರ್ಡನ್ನಿಗೆ ಆಚೆ ನಿಂತು ಏನಾದರೂ ಮಾತಾಡಲು ಹೇಳಿದೆ. ಒಬ್ಬನೇ ಮಾತಾಡಲು ನಾಚಿಕೆಯಾಗಿ ಅವನು ಹೆಂಡತಿಗೆ ಫೋನ್ ಮಾಡಿದ. ಅವರ ಮನೆಯಲ್ಲಿ ಮಧ್ಯಾಹ್ನಕ್ಕೆ ಎಂತ ಅಡುಗೆ ಎಂಬುದು ಈಚೆ ನಿಂತ ನನಗೂ ಗೊತ್ತಾಯಿತು. "ಕೇಳುತ್ತದೆ" ಎಂದು ಬರೆದೆ. ಮುಂದಿನ ಸಲ ಹೋಗುವಾಗ ಸ್ಥಳೀಯ ಪರಿಸ್ಥಿತಿಗೆ ತಕ್ಕ ಉಪಾಯ ಮಾಡಿದ್ದರು. ಮಕ್ಕಳ ಕೋಣೆಯಲ್ಲಿ ಟಿ.ವಿ.ಯನ್ನು ಎಷ್ಟು ಜೋರಾಗಿ ಇಟ್ಟಿದ್ದರೆಂದರೆ ಪಕ್ಕದವರ ಮಾತೇ ಕೇಳುವುದಿಲ್ಲ, ಓಣಿಯದ್ದು ಎಲ್ಲಿಂದ ಕೇಳಬೇಕು? ಮಕ್ಕಳೆಲ್ಲ ಕಿವಿಗೆ ದಿಂಬು ಒತ್ತಿಕೊಂಡು ಕೂತಿದ್ದರು. ಷರತ್ತು ಪಾಲನೆಯಾಗಿತ್ತು. ನಾನು ಹಾಗೇ ಬರೆದೆ, ಇನ್ನೇನು ಬರೆಯಲಿ?

ದುಬೈಯ ಹುಡುಗಿಯರ ಮನೆಯ ಮುಖ್ಯಸ್ಥೆ ಉಮ್ಮ್ ಸೈಫ್. ಇಲ್ಲಿಯವರೇ, ನನಗಿಂತ ಸ್ವಲ್ಪ ದೊಡ್ಡವರು, ದನಿಯೂ ಹಾಗೆಯೇ. ಬೀಗ ಹಾಕಬಾರದು ಎಂಬ ಷರತ್ತು ಬಂದ ದಿನವೇ ಎಲ್ಲ ಬೀಗ ತೆಗೆಸಿ ಒಂದು ಬಕೆಟ್ಟಿನಲ್ಲಿ ಹಾಕಿ ನನ್ನ ಮುಂದೆ ತಂದಿಟ್ಟರು. "ನೋಡು, ಮಾಫಿ ಬೀಗ, ಒಂದೂ ಇಲ್ಲ!" ಹೊರಗೆ ಬಂದು ನೋಡಿದರೆ ಗೇಟಿಗೆ ಅಡ್ಡವಾಗಿ ಒಂದು ಕುರ್ಚಿ, ಕುರ್ಚಿ ತುಂಬ ಒಬ್ಬಳು ಕಾವಲಿನ ಹೆಂಗಸು. "ಮಗು ಹೊರಗೆ ಹೋಗ್ಬೇಕು ಅಂದ್ರೆ ಎಂತ ಮಾಡ್ತಿ?" ಎಂದು ಅವಳನ್ನು ಕೇಳಿದೆ. "ಮೊದಲು ಒಂದು ಚಹಾ ಕುಡಿ ಅಂತೇನೆ ಮೇಡಂ. ಕುಡಿದು ಆಗುವಾಗ ಯಾರಿಗೂ ಹೋಗ್ಲಿಕ್ಕೆ ಮನಸ್ಸಿರುವುದಿಲ್ಲ" ಎಂದಳು. ಇದು ಬೀಗವೋ ಅಲ್ಲವೋ? ನಮ್ಮ ಮೇಲಧಿಕಾರಿ ಉಸ್ತಾದ್ ಫೌಜಿಯವರನ್ನು ಕೇಳಿದರೆ, ಕನ್ನಡಕ ಒರೆಸಿ, "ಚಹಾ ಬೀಗವಲ್ಲ" ಎಂದು ತೀರ್ಪು ಕೊಟ್ಟರು.

ಫೌಜಿ ಈಜಿಪ್ಟಿನವರು. ಆ ಷರತ್ತುಗಳ ಕರಡು ಬರೆದವರಲ್ಲಿ ಅವರೂ ಒಬ್ಬರು. ಒಂದು ಅಕ್ಷರ ಆಚೀಚೆ ಮಾಡಲು ಬಿಡುವ ಜನವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದು ನಾನು ಹಿಂದಿನಿಂದ ಗೊಣಗಿದ್ದು ಎಷ್ಟೋ ಸಲ. ಅವರಿಗೆ ಕನ್ನಡ ಬಾರದ್ದು ನನ್ನ ಪುಣ್ಯ.

ಈಗ ಶ್ರಾವ್ಯಾಳ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕು ಅಂತಲೇ ಇಷ್ಟೂ ಸುತ್ತಿದ್ದು.

ರಂಜಾನ್ ತಿಂಗಳು, ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆಯ ಸಮಯ. ಉಮ್ಮ್ ಸೈಫ್ ಫೋನ್ ಮಾಡಿದರು. "ನಿನ್ನ ಭಾಷೆಯ ಹುಡುಗಿ ಒಬ್ಬಳು ಬಂದಿದ್ದಾಳೆ, ಯಲ್ಲಾ, ಬಾ." ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಹುಡುಗಿ, ಹದಿನೇಳು ವರ್ಷ. ಮನೆ ಬಿಟ್ಟು ಬಂದು ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ ಹೋಗುತ್ತಾ ಬರುತ್ತಾ ಕೂತಿದ್ದಳಂತೆ, ಪೊಲೀಸರು ಕರೆತಂದು ಬಿಟ್ಟಿದ್ದರು. ಚೀಲದಲ್ಲಿ ಬಟ್ಟೆ ಇಲ್ಲ, ದುಡ್ಡಿಲ್ಲ. ಹಾಲ್ ಟಿಕೆಟ್ಟು, ಪೆನ್ನಿನ ಡಬ್ಬಿ, ಒಂದು ಕೆಮಿಸ್ಟ್ರಿ ಪುಸ್ತಕ.

ನಾನು ಹೋಗುವಾಗ ಮನೆಯವರೂ ಬಂದಿದ್ದರು. ಅವಳ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ಮಾತಾಡಿದ್ದು ಮಾವ, ಅಮ್ಮನ ಅಣ್ಣ, ಕರುಣಾಕರ ಅಂತ. ಇಸ್ತ್ರಿ ಹಾಕಿದ ಅಂಗಿ, ಸಣ್ಣ ವ್ಯಾಪಾರ, ಮರ್ಯಾದಸ್ಥ ಮನುಷ್ಯ. ತಾಯಿ ಮಗಳು ಇರುವುದು ಅವರ ಮನೆಯಲ್ಲೇ.

"ನಮಸ್ಕಾರ ಟೀಚರ್. ನಿಮಗೆ ಊರಲ್ಲಿ ಎಲ್ಲಿ?"

"ಮೂಡಬಿದಿರೆ ಹತ್ತಿರ."

"ಓ, ನಮ್ಮವರೇ! ಹಾಗಾದ್ರೆ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಹುಡುಗಿ ಕ್ಲಾಸಿನ ಒಬ್ಬನ ಜೊತೆ ಮಾಲಿನಲ್ಲಿ ಕೂತದ್ದು ನಮ್ಮ ಜನರೇ ನೋಡಿದ್ದಾರೆ. ಊರಿಗೆ ಕಳಿಸುವಾ ಅಂತ ಟಿಕೆಟ್ ಮಾಡಿದೆ. ಪರೀಕ್ಷೆ ಮುಂದಿನ ವರ್ಷ ಊರಲ್ಲೇ ಬರೆಯಬಹುದಲ್ಲ? ಅಷ್ಟಕ್ಕೆ ಹೀಗೆ ಮಾಡಿದಳು."

ಮನೆಯ ಹಿರಿಯರು ಬಂದಿದ್ದಾರೆ, ಮಗುವನ್ನು ಒಪ್ಪಿಸಬೇಕು, ಷರತ್ತು ಸ್ಪಷ್ಟ ಉಂಟು. ನಾನು ಉಮ್ಮ್ ಸೈಫರಿಗೆ ಹಾಗೆಯೇ ಹೇಳಿದೆ. ಅವರು ಕರುಣಾಕರರನ್ನು ಮೇಲಿಂದ ಕೆಳಗೆ ನೋಡಿದರು.

"ಇವರು ಯಾರು?"

"ತಾಯಿಯ ಅಣ್ಣ."

"ಖಾಲ್. ಖಾಲ್ ಅಂದರೆ ಮಿಠಾಯಿ ತಂದುಕೊಡುವವನು. ಅವನು ವಲೀ ಅಲ್ಲ, ಹೊಣೆ ಹೊತ್ತವನಲ್ಲ. ಅಪ್ಪ ಎಲ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮದು ಅಳಿಯಕಟ್ಟಿನ ಮನೆತನ, ಮನೆ ನಡೆಯುವುದು ತಾಯಿಯ ಕಡೆಯಿಂದ, ಸೋದರಮಾವನೇ ಯಜಮಾನ, ನಿಮಗೆ ಇದೆಲ್ಲ ಗೊತ್ತಿಲ್ಲ ಎಂದು ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ ಮಾಡಿದೆ. ಅವರು ಎಲ್ಲ ಕೇಳಿ, "ಪಾಠ ಚೆನ್ನಾಗಿತ್ತು. ಅಪ್ಪ ಎಲ್ಲಿ?" ಎಂದರು.

ಆಗ ನನಗೆ ಹೊಳೆಯಿತು ನೋಡಿ. ಅಪ್ಪನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಮಾವ ಎತ್ತಿರಲಿಲ್ಲ, ಅಮ್ಮ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾವ ಬಂದ ಮೇಲೆ ಅಪ್ಪ ಯಾಕೆ ಎಂಬುದು ನಮಗೆ ಮೂವರಿಗೂ ಉಸಿರಾಟದಷ್ಟು ಸಹಜವಾಗಿತ್ತು.

ಹುಡುಗಿಯನ್ನು ನೋಡಲು ಹೋದೆ. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಚಿಲಕ! ಬೀಗ ಬೇಡ ಎಂದು ಬಕೆಟ್ಟು ತುಂಬಿಸಿದ ಮನೆಯಲ್ಲಿ ಹೊಸಾ ಹಿತ್ತಾಳೆಯ ಚಿಲಕ. ಅವಳು ಬಂದ ಕೂಡಲೇ ಕೇಳಿದ್ದು ಅದೊಂದೇ ಅಂತೆ, ಒಳಗಿನಿಂದ ಹಾಕಲಿಕ್ಕೆ ಏನಾದರೂ ಉಂಟಾ ಎಂದು. ಉಮ್ಮ್ ಸೈಫ್ ಬಡಗಿಯನ್ನು ಕರೆಸಿ ಹಾಕಿಸಿಬಿಟ್ಟಿದ್ದರು.

ನಾನು ತುಳುವಿನಲ್ಲಿ ಮಾತಾಡಿದ ಮೇಲೆ ತೆರೆದಳು. ಸಣಕಲು ಹುಡುಗಿ, ಎಣ್ಣೆ ಕಾಣದ ಕೂದಲು. "ಆಂಟಿ, ಮಾವ ಹೊಡೆಯುವುದಿಲ್ಲ. ಹೀ ಈಸ್ ನಾಟ್ ಎ ಬ್ಯಾಡ್ ಮ್ಯಾನ್. ಆದ್ರೆ ಅವರು ಡಿಸೈಡ್ ಮಾಡಿದ್ರೆ ಮುಗೀತು. ಅಮ್ಮ ಅಳ್ತಾರೆ. ಪಪ್ಪ ಸುಮ್ಮನಿರ್ತಾರೆ. ನನಗೆ ಎಕ್ಸಾಮ್ ಬರೀಬೇಕು, ಅಷ್ಟೇ. ಆಮೇಲೆ ಎಲ್ಲಿಗೆ ಬೇಕಾದ್ರೂ ಕಳಿಸಿ" ಎಂದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಅಳಲಿಲ್ಲ, ಪುಸ್ತಕದ ಪುಟಕ್ಕೆ ಬೆರಳಿಟ್ಟುಕೊಂಡೇ ಮಾತಾಡಿದಳು.

ಅಬುಧಾಬಿಗೆ ಹೋಗಿ ಫೌಜಿಯವರಿಗೆ ಎಲ್ಲ ಹೇಳಿದೆ. ಉಪವಾಸದ ಮನುಷ್ಯ, ಕಣ್ಣುಮುಚ್ಚಿ ಕೇಳಿದರು. "ಎರಡು ಷರತ್ತು ಮುರಿದಿದೆ. ತಾಯಿ ಬಂದರೂ ಮಗುವನ್ನು ಒಪ್ಪಿಸಿಲ್ಲ. ಅಪರಾಧ ಮಾಡದ ಮಗುವಿನ ಬಾಗಿಲಿಗೆ ಚಿಲಕ ಹಾಕಿದ್ದಾರೆ. ಉಲ್ಲಂಘನೆ ಎಂದು ಬರೆ" ಎಂದರು.

ಹಾಗೆ ಬರೆದರೆ ಮುಂದಿನ ವರ್ಷದ ಸಹಾಯ ನಿಲ್ಲುತ್ತದೆ. ಆ ಮನೆಯ ಹುಡುಗಿಯರಿಗೆ ಪಾಠ ಹೇಳುವ ಟೀಚರಮ್ಮನ ಸಂಬಳ, ಶ್ರಾವ್ಯಾಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವ ವ್ಯಾನು, ಎರಡೂ ಆ ಸಹಾಯದಿಂದಲೇ. ಉಳಿದ ಹುಡುಗಿಯರ ಗತಿ? ಉಲ್ಲಂಘನೆ ಬೇಡ ಎಂದಾದರೆ ಈಗಲೇ ಅವಳನ್ನು ಕಳಿಸಬೇಕು, ಕಳಿಸಿದರೆ ಕೆಮಿಸ್ಟ್ರಿ ಪರೀಕ್ಷೆಯ ದಿನ ಅವಳು ವಿಮಾನದಲ್ಲಿರುತ್ತಾಳೆ. ಅಡಕತ್ತರಿಗೆ ಸಿಕ್ಕಿದ ಅಡಿಕೆ ಎಂದರೆ ನಾನೇ.

"ಉಸ್ತಾದ್, ಚಿಲಕ ಒಳಗಿನಿಂದ! ಹಾಕಿಕೊಂಡದ್ದು ಅವಳೇ!" ಎಂದು ಕೂಗಿದೆ. "ಉಮ್ಮ್ ಸೈಫ್ ಕನಿಕರದಿಂದ ಇಟ್ಟುಕೊಂಡಿದ್ದಾರೆ."

ಫೌಜಿ ಸಿಟ್ಟು ಮಾಡಲಿಲ್ಲ. ಮೆಲ್ಲನೆ ಹೇಳಿದರು: "ಟೀಚರ್, ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಂದು ಮಗು ಇತ್ತು. ಅದನ್ನೂ ಕನಿಕರದಿಂದಲೇ ಇಟ್ಟುಕೊಂಡಿದ್ದರು. ಮನೆಯವರು ಸರಿ ಇಲ್ಲ, ಪಾಪ, ಇಲ್ಲೇ ಇರಲಿ ಎಂದು. ಇಟ್ಟುಕೊಂಡವರಿಗೆ ವರ್ಗವಾಯಿತು. ಮುಂದಿನವರಿಗೆ ಆ ಮಗು ಯಾಕೆ ಇದೆ ಅಂತಲೇ ಗೊತ್ತಿರಲಿಲ್ಲ. ಅದರ ತಾಯಿ ಬಾಗಿಲಿಗೆ ಬಂದು ಬಂದು ಸಾಕಾಗಿ ಬರುವುದನ್ನೇ ಬಿಟ್ಟಳು. ಆಮೇಲೆ ನಾನು ಈ ಷರತ್ತು ಬರೆದೆ. ಕನಿಕರದ ಮೇಲೆ ನನಗೆ ನಂಬಿಕೆ ಇಲ್ಲ."

ಅಲ್ಲಿಯವರೆಗೆ ಉಮ್ಮ್ ಸೈಫ್ ಸರಿ, ಈ ಕಲ್ಲು ಮನುಷ್ಯ ತಪ್ಪು ಎಂದು ನನಗೆ ಖಂಡಿತವಿತ್ತು. ಆ ಮಾತಿನ ನಂತರ ಯಾರು ಸರಿ ಎಂದು ಇವತ್ತಿನವರೆಗೂ ಗೊತ್ತಾಗಲಿಲ್ಲ, ನೋಡಿ.

ಏನೂ ತೋಚದೆ ಅಪ್ಪನ ನಂಬರು ಹುಡುಕಿ ಫೋನ್ ಮಾಡಿದೆ. ಶೇಖರ ಅಂತ ಹೆಸರು, ಅಲ್ ಐನಿನ ಒಂದು ಹಾಲಿನ ಫಾರ್ಮಿನಲ್ಲಿ ಕೂಲಿಂಗ್ ಮೆಷಿನ್ ರಿಪೇರಿ, ಅಲ್ಲೇ ಕಂಪನಿಯ ರೂಮಿನಲ್ಲಿ ನಾಲ್ಕು ಜನರ ಜೊತೆ ವಾಸ. ಮಗಳು ಮಕ್ಕಳ ಮನೆಯಲ್ಲಿರುವುದೇ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಎಲ್ಲಿ, ಯಾವಾಗ ಎಂದು ಎರಡೆರಡು ಸಲ ಕೇಳಿದರು. ಆಮೇಲೆ, "ಭಾವ ಇದ್ದಾರಲ್ಲ ಟೀಚರ್, ಎಲ್ಲ ಅವರೇ ನೋಡಿಕೊಳ್ಳುವುದು" ಎಂದರು.

"ಅವರು ನೋಡಿಕೊಂಡದ್ದು ಸಾಕು. ನಿಮಗೆ ಎಂತ ಅನ್ನಿಸ್ತದೆ?" ಎಂದು ಗದರಿಸಿದೆ.

"ನನ್ನ ಹತ್ರ ಯಾರೂ ಕೇಳಿದ್ದಿಲ್ಲ" ಎಂದರು. ಮತ್ತೆ ತಡೆದು, "ಟೀಚರ್, ನಾನು ಬರಬಹುದಾ?" ಎಂದು ಕೇಳಿದರು. ಸ್ವಂತ ಮಗಳನ್ನು ನೋಡಲು ಅಪ್ಪ ನನ್ನ ಅನುಮತಿ ಕೇಳುತ್ತಾನೆ! ನಗಬೇಕೋ ಅಳಬೇಕೋ ತಿಳಿಯದೆ "ಬನ್ನಿ ಮಾರಾಯ್ರೆ, ಬೇಗ ಬನ್ನಿ" ಎಂದೆ.

ಫೌಜಿ ತಾನೇ ಬಂದು ನೋಡುತ್ತೇನೆ ಎಂದರು. ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ದಿನ ನಾವು ದುಬೈಗೆ ಬಂದೆವು. ಕರುಣಾಕರರು ತಂಗಿಯನ್ನು ಕರೆದುಕೊಂಡು ಮೊದಲೇ ಬಂದು ಕೂತಿದ್ದರು. ನನ್ನನ್ನು ನೋಡಿ, "ನಮ್ಮವರಾಗಿ ನೀವೇ ಹೀಗೆ ಮಾಡಬಹುದಾ ಟೀಚರ್?" ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೋವಿತ್ತು. ಮನೆಯ ಹುಡುಗಿಯನ್ನು ಪೊಲೀಸರು ಕರೆದುಕೊಂಡು ಹೋದರೆ ಹೊಣೆ ಹೊತ್ತವರಿಗೆ ಹೇಗಾಗಬೇಡ? ನನಗೆ ಅವರ ಮೇಲೂ ಕನಿಕರ ಬಂತು. ಎಂಥ ಸಾವು ಮಾರಾಯ್ರೆ, ಯಾರ ಮೇಲಾದರೂ ಸರಿಯಾಗಿ ಸಿಟ್ಟು ಮಾಡುವಾ ಎಂದರೆ ಅದಕ್ಕೂ ಆಗುವುದಿಲ್ಲ.

ಎಲ್ಲರೂ ಹುಡುಗಿಯ ಕೋಣೆಯ ಮುಂದೆ ನಿಂತೆವು. ಫೌಜಿ ಬಾಗಿಲು ತಟ್ಟಿದರು.

"ಹೂ ಈಸ್ ಇಟ್?"

"ನಾನು ನಿಧಿ ಕಚೇರಿಯಿಂದ ಬಂದಿದ್ದೇನೆ, ಮಗಳೇ. ಅಧಿಕಾರಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಸರ್, ಟುಮಾರೋ ಈಸ್ ಕೆಮಿಸ್ಟ್ರಿ. ಪ್ಲೀಸ್ ಕಮ್ ಲೇಟರ್."

ಫೌಜಿ ಬಾಗಿಲನ್ನು ಮೆಲ್ಲಗೆ ತಳ್ಳಿದರು, ಆಮೇಲೆ ಸ್ವಲ್ಪ ಜೋರಾಗಿ ತಳ್ಳಿದರು. ಅದು ಅಲ್ಲಾಡಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಮಕ್ಕಳ ಮನೆಯ ಬಾಗಿಲೂ ಅವರಿಗೆ ಹಾಗೆ ಮುಚ್ಚಿರಲಿಲ್ಲ. ಕರುಣಾಕರರು ಮುಂದೆ ಬಂದು, "ಶ್ರಾವ್ಯಾ, ಮಾವ ಬಂದದ್ದು. ತೆಗಿ" ಎಂದರು. ಅಮ್ಮ ಕರೆದರು, ಕರೆಯುತ್ತಾ ಅತ್ತರು. ಒಳಗೆ ಮೂಗು ಸೇದಿದ ಸದ್ದು ಕೇಳಿತು, ಚಿಲಕ ಮಾತ್ರ ಸರಿಯಲಿಲ್ಲ. ಉಮ್ಮ್ ಸೈಫ್ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದರು.

ಆಗ ಶೇಖರ ಬಂದರು. ಅಲ್ ಐನಿನ ಬಸ್ಸಿಳಿದು ಓಡಿಕೊಂಡೇ ಬಂದಿರಬೇಕು, ಕಂಪನಿಯ ನೀಲಿ ಸಮವಸ್ತ್ರದ ಬೆನ್ನೆಲ್ಲ ಬೆವರು. ಕೈಯಲ್ಲೊಂದು ಪ್ಲಾಸ್ಟಿಕ್ ತೊಟ್ಟೆ, ಅದರಲ್ಲಿ ಅವರ ಫಾರ್ಮಿನ ಮಜ್ಜಿಗೆ ಬಾಟಲಿಗಳು. ಇಷ್ಟು ಜನರನ್ನು ನೋಡಿ ಹಿಂದೆಯೇ ನಿಂತರು. ನಾನು ತೋಳು ಹಿಡಿದು ಮುಂದೆ ತಳ್ಳಿದೆ. ಅವರು ಬಾಗಿಲಿಗೆ ಬಾಯಿಯಿಟ್ಟು, ನಮಗೆ ಕೇಳಬಾರದು ಎಂಬಂತೆ ಹೇಳಿದರು.

"ಮಗಾ, ಯಾನ್."

ಮಗಾ, ನಾನು. ಅಷ್ಟೇ ಹೇಳಿದ್ದು.

ಚಿಲಕ ಸರಿದ ಸದ್ದು ಓಣಿಗೆಲ್ಲ ಕೇಳಿತು. ಹುಡುಗಿ ಅಪ್ಪನ ಅಂಗಿಗೆ ಮುಖ ಒತ್ತಿ ಜೋರಾಗಿ ಅತ್ತಳು, ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು. ನಾನೂ ಅತ್ತೆ, ಹೇಳಲು ನಾಚಿಕೆ ಎಂತದು.

ಸ್ವಲ್ಪ ಹೊತ್ತಿನ ಮೇಲೆ ಶೇಖರ ಭಾವನ ಕಡೆ ತಿರುಗಿದರು. "ಭಾವ, ಅವಳು ಪರೀಕ್ಷೆ ಬರೀಲಿ. ಮತ್ತೆ ನಾನು ಕರೆದುಕೊಂಡು ಹೋಗ್ತೇನೆ."

"ನೀವು ಮೊದಲೇ ಹೇಳಿದ್ರೆ ನಾನು ಬೇಡ ಅಂತಿದ್ದೆನಾ ಭಾವ?" ಎಂದರು ಕರುಣಾಕರರು.

"ನೀವು ಕೇಳ್ಲಿಲ್ಲ."

ತಾನಿರುವುದು ಗಂಡಸರ ರೂಮು, ಪರೀಕ್ಷೆ ಮುಗಿಯುವವರೆಗೆ ಮಗಳು ಇಲ್ಲೇ ಇರಲಿ ಎಂದು ಅಪ್ಪನೇ ಕೇಳಿಕೊಂಡರು. ಉಮ್ಮ್ ಸೈಫ್ "ವಲೀ ಬಂದ, ಖಲಾಸ್" ಎಂದರು. ಫೌಜಿ ಮಾತ್ರ ಆ ಹಿತ್ತಾಳೆಯ ಚಿಲಕವನ್ನೇ ನೋಡುತ್ತಾ ನಿಂತಿದ್ದರು. ಕೊನೆಗೆ ನನಗೆ ಹೇಳಿದರು: "ಬರೆ ಟೀಚರ್. ಮಗುವನ್ನು ಯಾರೂ ಕೂಡಿಹಾಕಿಲ್ಲ. ನಾನೇ ತಳ್ಳಿ ನೋಡಿದೆ." ಶೇಖರ ಕೊಟ್ಟ ಒಂದು ಮಜ್ಜಿಗೆ ಬಾಟಲಿಯನ್ನು ಸಂಜೆ ಉಪವಾಸ ಬಿಡುವಾಗ ಕುಡಿಯುತ್ತೇನೆ ಎಂದು ಕೋಟಿನ ಕಿಸೆಗೆ ಹಾಕಿಕೊಂಡರು.

ಶ್ರಾವ್ಯಾ ಪಾಸಾದಳು. ಕೆಮಿಸ್ಟ್ರಿಯಲ್ಲಿ ಮಾತ್ರ ಮಾರ್ಕು ಕಮ್ಮಿ. ಹಿಂದಿನ ದಿನ ನಾವೆಲ್ಲ ಬಾಗಿಲ ಹೊರಗೆ ಅಷ್ಟು ಗಲಾಟೆ ಮಾಡಿದರೆ ಇನ್ನೆಂತ ಬರುತ್ತದೆ? ಅಪ್ಪ ಅಲ್ ಐನಿನಲ್ಲಿ ಒಂದು ಸಂಸಾರದ ಜೊತೆ ಶೇರಿಂಗಿನಲ್ಲಿ ಕೋಣೆ ಹಿಡಿದು ತಾಯಿ ಮಗಳನ್ನು ಕರೆಸಿಕೊಂಡರು.

ಇಲ್ಲಿಗೆ ಮುಗಿದಿದ್ದರೆ ನಾನು ಬುದ್ಧಿವಂತೆಯ ಹಾಗೆ ನಿಮಗೆ ಒಂದು ನೀತಿ ಹೇಳುತ್ತಿದ್ದೆ. ಮುಗಿಯಲಿಲ್ಲ. ಶ್ರಾವ್ಯಾಳ ಸುದ್ದಿ ಹರಡಿ ಉಳಿದ ಕಡೆಯೂ ಮಕ್ಕಳಿಗೆ ಒಳಚಿಲಕ ಹಾಕಿಸಿಕೊಟ್ಟರು. ಒಂದು ಕಡೆ ಒಬ್ಬಳು ಹುಡುಗಿ ಚಿಲಕ ಹಾಕಿಕೊಂಡು ಒಳಗೆ ಜ್ಞಾನತಪ್ಪಿ ಬಿದ್ದಳು. ಬಾಗಿಲು ಒಡೆಯುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಮಗು ಬದುಕಿತು. ಮುಂದಿನ ವರ್ಷದ ಷರತ್ತಿನಲ್ಲಿ ಹೊಸಾ ಸಾಲು ಬಂತು: ಬಾಗಿಲಿಗೆ ಒಳಗಿನಿಂದಾಗಲಿ ಹೊರಗಿನಿಂದಾಗಲಿ ಚಿಲಕ ಇರತಕ್ಕದ್ದಲ್ಲ. ಬರೆದವರು ಫೌಜಿಯೇ. "ನಾನು ಇನ್ನೇನು ಬರೆಯಲಿ, ನೀನೇ ಹೇಳು" ಎಂದು ನನ್ನನ್ನು ಕೇಳಿದರು. ಸ್ಥಳೀಯ ಪರಿಸ್ಥಿತಿ ಎಂಬ ಸಾಲು ಮಾತ್ರ ಕೊನೆಯಲ್ಲಿ ಹಾಗೆಯೇ ಇತ್ತು.

ನನ್ನ ಕಡೆಯ ಭೇಟಿ ಉಮ್ಮ್ ಸೈಫರ ಮನೆಗೇ ಆಯಿತು. ಶ್ರಾವ್ಯಾ ಇದ್ದ ಕೋಣೆಯ ಬಾಗಿಲಿನಿಂದ ಚಿಲಕ ತೆಗೆದಿದ್ದರು, ಸ್ಕ್ರೂ ಇದ್ದ ತೂತುಗಳಿಗೆ ಮೇಣ ತುಂಬಿ ಬಣ್ಣ ಹಚ್ಚಿದ್ದರು. ಷರತ್ತು ಪಾಲನೆಯಾಗಿದೆ ಎಂದು ಬರೆದುಕೊಂಡು ಬಾಗಿಲನ್ನು ತಳ್ಳಿದೆ. ತೆರೆಯಲಿಲ್ಲ. ಸಂದಿಯಲ್ಲಿ ಇಣುಕಿದರೆ, ಹೊಸದಾಗಿ ಬಂದ ಒಬ್ಬಳು ಹುಡುಗಿ ಕಬ್ಬಿಣದ ಮಂಚವನ್ನು ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟು, ಅದರ ಮೇಲೆ ಕಾಲು ಮಡಚಿ ಕೂತಿದ್ದಳು.

ತಟ್ಟಿದೆ.

"ಯಾರು?" ಎಂದಳು, ಹಿಂದಿಯಲ್ಲಿ.

ಅಧಿಕಾರಿ ಎನ್ನಲೇ? ಟೀಚರ್ ಎನ್ನಲೇ? ಯಾರು ಎಂದರೆ ಈ ಮಂಚ ಸರಿಯುತ್ತದೆ, ಅವಳಿಗೆ ಅಂಥವರು ಒಬ್ಬರಾದರೂ ಇದ್ದಾರಾ, ಯಾವ ಊರಿನಲ್ಲಿ ಇದ್ದಾರೆ, ನನಗೆ ಒಂದೂ ಗೊತ್ತಿರಲಿಲ್ಲ.

"ನಿನಗೆ ಯಾರು ಬರಬೇಕು ಮಗಾ?" ಎಂದು ಕೇಳಿದೆ. ಹೊರಗೆ ನೆಲದ ಮೇಲೆಯೇ ಕೂತು ಕಾದೆ.